ಕೂಡದ ಕಣಕಾಲು: ಹರೆಯದವರ ಮೂಳೆಮುರಿತಕ್ಕೆ ಶಸ್ತ್ರಚಿಕಿತ್ಸೆ ಹುಡುಕಿದ ದಾರಿಗಳು

ಎಳೆಯರ ಮೂಳೆ ಮುರಿದರೆ ಬೇಗ ಕೂಡುತ್ತದೆ ಎಂಬ ತಿಳಿವಳಿಕೆ ಬಹಳ ಹಳೆಯದು. ಮುರಿದ ಜಾಗ ಗಟ್ಟಿಯಾಗಲು ಮೊದಲ ವಯಸ್ಸಿನಲ್ಲಿ ಒಂದು ತಿಂಗಳು, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲ ಹಿಡಿಯುತ್ತದೆ ಎಂಬ ಲೆಕ್ಕ ಸುಶ್ರುತ ಸಂಹಿತೆಯಲ್ಲಿಯೇ ಇದೆ. ತೊಡೆಯೋ ಕಣಕಾಲೋ ಮುರಿದವರನ್ನು ಐದು ಕಡೆ ಗೂಟ ಬಡಿದ ಹಲಗೆಯ ಮೇಲೆ ಕದಲದಂತೆ ಮಲಗಿಸುವ ಕಪಾಟಶಯನವೂ ಅಲ್ಲಿ ಬರುತ್ತದೆ. ಎಳೆಯರ ಮೂಳೆ ಬೇಗ ಕೂಡಲು ಕಾರಣ ಮೂಳೆಯನ್ನು ಸುತ್ತಿಕೊಂಡಿರುವ ಪರ್ಯಸ್ಥಿ ಎಂಬ ಪೊರೆ. ಮಕ್ಕಳಲ್ಲಿ ಅದು ದಪ್ಪವಾಗಿ, ರಕ್ತದಿಂದ ತುಂಬಿದ್ದು, ಒಳಗಿನ ಮೂಳೆ ಮುರಿದರೂ ಎಷ್ಟೋ ಸಲ ಹರಿಯದೆ ಉಳಿದು ಹೊಸ ಮೂಳೆಯನ್ನು ಕಟ್ಟುತ್ತದೆ. ಹರೆಯ ಬಂದಂತೆ ಈ ಪೊರೆ ತೆಳುವಾಗುತ್ತದೆ, ಮೈತೂಕ ದೊಡ್ಡವರ ಸಮಕ್ಕೆ ಏರುತ್ತದೆ, ಏಟೂ ಮರದಿಂದ ಬಿದ್ದ ಏಟಾಗಿರದೆ ಬೈಕಿನ ವೇಗದ ಏಟಾಗುತ್ತದೆ. ಹೀಗಾಗಿ ಚಿಕ್ಕ ಮಕ್ಕಳಲ್ಲಿ ಅಪರೂಪವಾದ ಕೂಡದ ಮುರಿತ, ಅಂದರೆ ಕಾಲ ಕಳೆದರೂ ಎರಡು ತುದಿಗಳ ನಡುವೆ ಮೂಳೆ ಬೆಳೆಯದೆ ಉಳಿದ ಮುರಿತ, ಹದಿಹರೆಯದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ಹೆಚ್ಚಾಗಿ ಗುರಿಯಾಗುವುದು ಟಿಬಿಯಾ, ಅಂದರೆ ಕಣಕಾಲಿನ ದಪ್ಪ ಮೂಳೆ. ಅದರ ಮುಂಬದಿಗೆ ಮಾಂಸದ ಹೊದಿಕೆಯಿಲ್ಲ. ಬೆರಳಿಟ್ಟರೆ ಚರ್ಮದಡಿಯಲ್ಲೇ ಮೂಳೆ ಸಿಗುತ್ತದೆ. ಆದ್ದರಿಂದ ಮುರಿದ ತುದಿ ಚರ್ಮ ಸೀಳಿ ಹೊರಬಂದು ಸೋಂಕಿಗೆ ದಾರಿಯಾಗುವುದು ಇಲ್ಲಿ ಸುಲಭ, ಅದರಲ್ಲೂ ಕೆಳಗಿನ ಮೂರನೇ ಒಂದು ಭಾಗಕ್ಕೆ ರಕ್ತದ ಪೂರೈಕೆಯೂ ಕಡಿಮೆ. ಪಕ್ಕದ ಸಣ್ಣ ಮೂಳೆಯಾದ ಫಿಬುಲಾ ಮುರಿಯದೆ ಉಳಿದಿದ್ದರೆ ಇನ್ನೊಂದು ತೊಡಕು: ಅದು ಊರುಗೋಲಿನಂತೆ ನಿಂತು ದಪ್ಪ ಮೂಳೆಯ ಎರಡು ತುದಿಗಳು ಒಂದನ್ನೊಂದು ಒತ್ತದಂತೆ ತಡೆಯುತ್ತದೆ.

ಈ ಚಿಕಿತ್ಸೆಯ ಇತಿಹಾಸವೆಲ್ಲ ಎರಡು ಪ್ರಶ್ನೆಗಳ ನಡುವೆ ತೂಗಾಡಿದೆ: ಕೂಡದ ಮೂಳೆಗೆ ಬೇಕಾಗಿರುವುದು ಜೀವವೋ, ಅಲುಗದಿರುವ ಸ್ಥಿರತೆಯೋ? ಹತ್ತೊಂಬತ್ತನೇ ಶತಮಾನದ ಶಸ್ತ್ರವೈದ್ಯರು ಮೊದಲನೆಯದರ ಕಡೆಗಿದ್ದರು. ಫಿಲಡೆಲ್ಫಿಯಾದ ಫಿಲಿಪ್ ಸಿಂಗ್ ಫಿಸಿಕ್ 1802ರಲ್ಲಿ ಕೂಡದ ತೋಳಿನ ಮುರಿತದೊಳಗೆ ರೇಷ್ಮೆಯ ಎಳೆಯನ್ನು ಹಾಯಿಸಿ ತಿಂಗಳುಗಟ್ಟಲೆ ಅಲ್ಲಿಯೇ ಬಿಟ್ಟದ್ದೂ, ಶಿಕಾಗೋದ ಡೇನಿಯಲ್ ಬ್ರೇನಾರ್ಡ್ 1854ರಲ್ಲಿ ಮೂಳೆತುದಿಗಳಿಗೆ ತೂತು ಕೊರೆಯುವುದನ್ನು ಪ್ರತಿಪಾದಿಸಿದ್ದೂ, ಮಲಗಿದ ಮೂಳೆಯನ್ನು ಕೆರಳಿಸಿ ಎಬ್ಬಿಸುವ ಉದ್ದೇಶದಿಂದ. ಗ್ಲಾಸ್ಗೋದ ವಿಲಿಯಂ ಮೆಕ್‌ಎವೆನ್ ಇನ್ನೂ ಮುಂದೆ ಹೋಗಿ, ಸೋಂಕಿನಿಂದ ತೋಳಿನ ಮೂಳೆ ಕಳೆದುಕೊಂಡಿದ್ದ ಬಾಲಕನಿಗೆ, ಕಾಲು ಬಾಗಿದ್ದ ಬೇರೆ ಮಕ್ಕಳ ಶಸ್ತ್ರಕ್ರಿಯೆಯಲ್ಲಿ ತೆಗೆದ ಮೂಳೆಯ ತುಂಡುಗಳನ್ನು ಕಸಿ ಮಾಡಿ 1881ರಲ್ಲಿ ಅದನ್ನು ವರದಿ ಮಾಡಿದರು. ಇಪ್ಪತ್ತನೇ ಶತಮಾನದ ಎರಡನೆಯ ದಶಕದಲ್ಲಿ ನ್ಯೂಯಾರ್ಕಿನ ಫ್ರೆಡ್ ಆಲ್ಬೀ ವಿದ್ಯುತ್ ಗರಗಸದಿಂದ ಕಣಕಾಲಿನಿಂದಲೇ ಅಳತೆಗೆ ಸರಿಯಾದ ಪಟ್ಟಿಯನ್ನು ಕತ್ತರಿಸಿ, ಬಡಗಿಯ ಕುಶಲತೆಯಿಂದ ಮುರಿತದ ಮೇಲೆ ಕೂರಿಸುವುದನ್ನು ರೂಢಿಗೆ ತಂದರು. ಸೊಂಟದ ಮೂಳೆಯ ಅಂಚಿನಿಂದ ತೆಗೆದ ಮೃದುವಾದ ಚೂರುಗಳು ಬರಬರುತ್ತಾ ಈ ಗಟ್ಟಿ ಪಟ್ಟಿಗಳ ಜಾಗ ಹಿಡಿದವು. ಹರೆಯದವರಲ್ಲಿ ಆ ಅಂಚಿಗೆ ಇನ್ನೂ ಮೃದ್ವಸ್ಥಿಯ ಟೊಪ್ಪಿಗೆಯಿರುವುದರಿಂದ, ಅದನ್ನು ಕೆಡಿಸದಂತೆ ಅದರಡಿಯಿಂದ ಚೂರುಗಳನ್ನು ತೆಗೆಯುವ ಎಚ್ಚರ ಬೇಕು.

ಸ್ಥಿರತೆಯ ಪಕ್ಷ ಬಲಗೊಂಡದ್ದು ಜರ್ಮನಿಯ ಗೆರ್ಹಾರ್ಡ್ ಕುಂಚರ್ 1940ರಲ್ಲಿ ಮೂಳೆಯ ಪೊಳ್ಳಿನೊಳಗೆ ಉದ್ದನೆಯ ಲೋಹದ ಸರಳನ್ನು ತೂರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ. ನಮ್ಮ ಜನ ಇಂದು ರಾಡ್ ಹಾಕಿದ್ದಾರೆ ಎನ್ನುವುದು ಇದನ್ನೇ. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಎಒ ಗುಂಪು ಪ್ಲೇಟು ಮತ್ತು ಸ್ಕ್ರೂಗಳಿಂದ ಮೂಳೆತುದಿಗಳನ್ನು ಒತ್ತಿಹಿಡಿಯುವುದನ್ನು ಶಾಸ್ತ್ರವನ್ನಾಗಿ ಬೆಳೆಸಿತು. ವೆಬರ್ ಮತ್ತು ಚೆಕ್ 1976ರಲ್ಲಿ ಮಾಡಿದ ವಿಂಗಡಣೆ ಎರಡೂ ಪಕ್ಷಗಳಿಗೆ ಅವುಗಳ ಜಾಗ ತೋರಿಸಿತು: ಎಕ್ಸ್‌ರೇಯಲ್ಲಿ ಆನೆಯ ಪಾದದಂತೆ ತುದಿಗಳು ಉಬ್ಬಿದ್ದರೆ ಅಲ್ಲಿ ಜೀವ ಸಾಕಷ್ಟಿದೆ, ಅಲುಗಾಟ ನಿಂತರೆ ಸಾಕು, ಪೆನ್ಸಿಲಿನಂತೆ ಮೊನಚಾಗಿ ಸವೆದಿದ್ದರೆ ಅಲುಗಾಟ ನಿಲ್ಲಿಸಿದರೂ ಸಾಲದು, ಕಸಿಯೂ ಬೇಕು. ಇಷ್ಟು ಸರಳವಾದ ಮಾತಿಗೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಈ ಎರಡರ ಜೊತೆಗೆ ಹರೆಯ ಮೂರನೆಯ ಪ್ರಶ್ನೆಯೊಂದನ್ನು ಒಡ್ಡುತ್ತದೆ. ಮೂಳೆಯ ತುದಿಗಳ ಬಳಿ ಉದ್ದವನ್ನು ಬೆಳೆಸುವ ಮೃದ್ವಸ್ಥಿಯ ಪದರ, ಅಂದರೆ ಬೆಳವಣಿಗೆ ಫಲಕ, ಕಣಕಾಲಿನಲ್ಲಿ ಹುಡುಗಿಯರಿಗೆ ಸುಮಾರು 14ರವರೆಗೂ ಹುಡುಗರಿಗೆ ಸುಮಾರು 16ರವರೆಗೂ ತೆರೆದಿರುತ್ತದೆ. ವಯಸ್ಕರಿಗೆ ಸರಳನ್ನು ಇಳಿಸುವ ದಾರಿ ನೇರವಾಗಿ ಈ ಫಲಕದ ಮುಂಬದಿಯನ್ನು ಹಾಯುತ್ತದೆ. ಅಲ್ಲಿ ಬೆಳವಣಿಗೆ ನಿಂತು ಹಿಂಬದಿ ಬೆಳೆಯುತ್ತಲೇ ಹೋದರೆ ಮಂಡಿ ಹಿಂದಕ್ಕೆ ಬಾಗುತ್ತದೆ. ಫ್ರಾನ್ಸಿನ ನಾನ್ಸಿ ನಗರದ ವೈದ್ಯರು ಫಲಕವನ್ನು ತಪ್ಪಿಸಿ ಪಕ್ಕದಿಂದ ತೂರಿಸುವ ಬಳುಕುವ ಸರಳುಗಳನ್ನು ಬಳಕೆಗೆ ತಂದದ್ದು ಇದಕ್ಕಾಗಿಯೇ. ಆದರೆ ಚಿಕ್ಕವರಿಗೆ ಅವು ಸೊಗಸಾಗಿ ಒಗ್ಗಿದರೂ, ಸುಮಾರು 50 ಕಿಲೋ ದಾಟಿದ ಹುಡುಗನ ಭಾರವನ್ನು ಹೊರಲು ಸಾಲದೆ ಹೋಗಬಹುದು. ಅಲುಗಾಟ ಉಳಿದರೆ ಕೂಡದ ಮುರಿತಕ್ಕೆ ಅದೇ ಬೀಜವಾಗುತ್ತದೆ.

ಈ ಇಕ್ಕಟ್ಟಿಗೆ ಅತ್ಯಂತ ಬಹುಮುಖವಾದ ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಸೈಬೀರಿಯಾದ ಕುರ್ಗಾನ್ ಪಟ್ಟಣದಿಂದ. ಗವ್ರಿಲ್ ಇಲಿಜಾರೋವ್ 1950ರ ದಶಕದ ಆರಂಭದಲ್ಲಿ ರೂಪಿಸಿದ ಸಲಕರಣೆಯಲ್ಲಿ ಕಾಲಿನ ಸುತ್ತ ಲೋಹದ ಬಳೆಗಳಿರುತ್ತವೆ. ಬಿಗಿಯಾಗಿ ಎಳೆದ ಸಣ್ಣ ತಂತಿಗಳು ಬಳೆಯಿಂದ ಮೂಳೆಯನ್ನು ಹಾಯ್ದು ಮತ್ತೆ ಬಳೆಗೆ ಬರುತ್ತವೆ. ಬೆಳವಣಿಗೆ ಫಲಕವನ್ನು ಮುಟ್ಟದೆಯೇ ಅದನ್ನು ತೊಡಿಸಬಹುದು. ಸತ್ತ ಮೂಳೆಯನ್ನು ತೆಗೆದ ಮೇಲೆ, ಉಳಿದ ಆರೋಗ್ಯವಂತ ಮೂಳೆಯನ್ನು ಬೇರೊಂದು ಕಡೆ ಕತ್ತರಿಸಿ, ತುಂಡನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಜರುಗಿಸಿದರೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಆ ಒಂದು ಮಿಲಿಮೀಟರನ್ನೂ ನಾಲ್ಕು ಕಂತುಗಳಾಗಿ ಒಡೆದು, ಆರು ಗಂಟೆಗೊಮ್ಮೆ ನಟ್ಟನ್ನು ಕಾಲು ಸುತ್ತು ತಿರುಗಿಸಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಈ ಕೆಲಸ ಸ್ಪ್ಯಾನರ್ ಹಿಡಿದ ತಾಯಿಯ ಪಾಲಿಗೆ ಬರುತ್ತದೆ, ತಂತಿ ಚರ್ಮ ಹೊಕ್ಕ ಪ್ರತಿ ತೂತನ್ನೂ ಕೀವಾಗದಂತೆ ಒರೆಸುವ ಕೆಲಸವೂ ಅವಳದೇ. 1964ರ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದು ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ನುಜ್ಜಾಗಿಸಿಕೊಂಡ ವಲೇರಿ ಬ್ರುಮೆಲ್, ಹಲವು ವಿಫಲ ಶಸ್ತ್ರಕ್ರಿಯೆಗಳ ಬಳಿಕ ಕುರ್ಗಾನಿನಲ್ಲಿ ಗುಣವಾಗಿ ಮತ್ತೆ ಎರಡು ಮೀಟರ್ ದಾಟಿ ಜಿಗಿದರು. ಆದರೂ ಪಶ್ಚಿಮದ ವೈದ್ಯರು ಇಲಿಜಾರೋವರ ಮಾತಿಗೆ ಕಿವಿಗೊಟ್ಟದ್ದು 1981ರಲ್ಲಿ ಅವರು ಇಟಲಿಯಲ್ಲಿ ಉಪನ್ಯಾಸ ನೀಡಿದ ನಂತರವೇ. ಈ ವಿಧಾನದ ಗುಣಗಾನ ಮಾಡುವವರು ಮರೆಮಾಚುವುದು ಅದರ ಅವಧಿಯನ್ನು. ಒಂದೊಂದು ಸೆಂಟಿಮೀಟರ್ ಹೊಸ ಮೂಳೆಗೆ ತಿಂಗಳಿಗೂ ಮಿಗಿಲಾಗಿ ಬಳೆ ಹೊರಬೇಕು. ಹತ್ತನೇ ತರಗತಿಯ ಹುಡುಗನಿಗೆ ಅದು ಇಡೀ ಶಾಲಾ ವರ್ಷ.

ಬಳೆಯ ಕಾಲವನ್ನು ತಗ್ಗಿಸುವ ಹಂಬಲ ಫ್ರಾನ್ಸಿನ ಅಲೆನ್ ಮಸ್ಕೆಲೆಯವರ ವಿಧಾನಕ್ಕೆ ಬೆಂಬಲ ತಂದಿತು. ಮೂಳೆ ಕಳೆದ ಜಾಗಕ್ಕೆ ಮೊದಲು ಮೂಳೆ ಸಿಮೆಂಟಿನ ಉಂಡೆಯನ್ನಿಟ್ಟು ಆರರಿಂದ ಎಂಟು ವಾರ ಕಾಯುತ್ತಾರೆ. ಅದರ ಸುತ್ತ ದೇಹವೇ ರಕ್ತನಾಳಗಳಿಂದ ತುಂಬಿದ ಪೊರೆಯೊಂದನ್ನು ಕಟ್ಟಿದಾಗ ಸಿಮೆಂಟನ್ನು ತೆಗೆದು ಆ ಚೀಲದೊಳಗೆ ಕಸಿಯ ಚೂರುಗಳನ್ನು ತುಂಬುತ್ತಾರೆ. ಇದಕ್ಕೆ ಮೊದಲೇ, 1975ರಲ್ಲಿ, ಮೆಲ್ಬೋರ್ನಿನ ಇಯಾನ್ ಟೇಲರ್ ಫಿಬುಲಾವನ್ನು ಅದರ ರಕ್ತನಾಳಗಳ ಸಮೇತ ತೆಗೆದು ಬೇರೊಂದು ಕಾಲಿಗೆ ಜೋಡಿಸಿದ್ದನ್ನು ವರದಿ ಮಾಡಿದ್ದರು. ನರತಂತುಗಂಟುಗಳ ಕಾಯಿಲೆಯ ಜೊತೆಗೆ ಹಲವರಲ್ಲಿ ಬರುವ ಜನ್ಮಜಾತ ಹುಸಿಕೀಲಿನಲ್ಲಿ, ಅಂದರೆ ಎಳವೆಯಲ್ಲೇ ಕಣಕಾಲು ಬಾಗಿ ಮುರಿದು ಕೂಡದೆ ನಿಲ್ಲುವ ಸ್ಥಿತಿಯಲ್ಲಿ, ಈ ವಿಧಾನಕ್ಕೆ ಇಂದಿಗೂ ಬೇಡಿಕೆಯಿದೆ. ಅಲ್ಲಿ ಒಮ್ಮೆ ಕೂಡಿದ ಮೂಳೆಯೂ ಬೆಳವಣಿಗೆ ಮುಗಿಯುವ ಮೊದಲು ಮತ್ತೆ ಮುರಿಯುವುದು ಸಾಮಾನ್ಯ.

ಮೂಳೆ ಬೆಳೆಸುವ ಪ್ರೋಟೀನುಗಳ ಕಥೆ ಬೇರೆಯೇ. ಮಾರ್ಷಲ್ ಯೂರಿಸ್ಟ್ 1965ರಲ್ಲಿ ಅವುಗಳ ಸುಳಿವು ಕೊಟ್ಟರು. 2004ರಲ್ಲಿ ಅಮೆರಿಕದಲ್ಲಿ ವಯಸ್ಕರ ತೆರೆದ ಕಣಕಾಲು ಮುರಿತಕ್ಕೆ ಬಿಎಂಪಿ-2 ಎಂಬ ಅಂಥದೊಂದು ಪ್ರೋಟೀನಿಗೆ ಒಪ್ಪಿಗೆ ದೊರೆತಾಗ ಹಳೆಯ ಕಸಿಯ ಕಾಲ ಮುಗಿಯಿತೆಂದು ಭಾವಿಸಿದವರಿದ್ದರು. ಆದರೆ ಬೆಳವಣಿಗೆ ಮುಗಿಯದವರಿಗೆ ಅದನ್ನು ಕೊಡಬಾರದೆಂದು ಅದರ ಸೂಚನೆಯಲ್ಲಿಯೇ ಇರುವುದರಿಂದ, ಹರೆಯದವರ ಮಟ್ಟಿಗೆ ಸೊಂಟದ ಮೂಳೆಯ ಚೂರುಗಳೇ ಇನ್ನೂ ನೆಚ್ಚಿಕೆಯ ವಸ್ತು.

ಇಂದಿನ ಶಸ್ತ್ರಕ್ರಿಯೆಯಲ್ಲಿ ಈ ಇತಿಹಾಸದ ಎಲ್ಲ ಪದರಗಳೂ ಒಟ್ಟಿಗಿವೆ. ಸೋಂಕು ಇದ್ದರೆ ಮೊದಲ ಸರದಿ ಅದರದ್ದು. ನಂಜಾದ ಮೂಳೆಯನ್ನು ತೆಗೆಯದೆ ಇಟ್ಟ ಕಸಿ ನಿಲ್ಲುವುದಿಲ್ಲ. ಮುರಿತದ ನಡುವೆ ತುಂಬಿರುವ ಬಿಳಿಚು ನಾರನ್ನು ಕೆರೆದು, ಸತ್ತ ತುದಿಯನ್ನು ಉಜ್ಜುತ್ತಾ ಹೋದಂತೆ, ದಂತದಂತೆ ಬೆಳ್ಳಗಿದ್ದ ಮೂಳೆಯ ಮೇಲೆ ಮೆಣಸಿನಕಾಯಿ ಪುಡಿ ಚೆಲ್ಲಿದ ಹಾಗೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳು ಮೂಡುತ್ತವೆ. ಶಸ್ತ್ರವೈದ್ಯ ಕೈ ತಡೆಯುವುದು ಅಲ್ಲಿ. ಬಳಿಕ ಫಿಬುಲಾದ ಎರಡು ಸೆಂಟಿಮೀಟರಿನಷ್ಟು ಭಾಗವನ್ನು ಕತ್ತರಿಸಿ ಊರುಗೋಲನ್ನು ತೆಗೆದುಬಿಟ್ಟರೆ, ಹುಡುಗ ಊರುವ ಪ್ರತಿ ಹೆಜ್ಜೆಯೂ ಮುರಿತದ ತುದಿಗಳನ್ನು ಒತ್ತುತ್ತದೆ. ಮೂಳೆ ಕೂಡಿದ ಮೇಲೂ ಎರಡು ಕಾಲುಗಳ ಉದ್ದವನ್ನು ಕೆಲವು ತಿಂಗಳಿಗೊಮ್ಮೆ ಅಳೆಯುವುದು ಬೆಳವಣಿಗೆ ಫಲಕ ಮುಚ್ಚುವವರೆಗೂ ನಡೆಯುತ್ತದೆ, ಕೆಲವು ಹುಡುಗರಲ್ಲಿ ಗಾಯವಾದ ಕಾಲು ಇನ್ನೊಂದಕ್ಕಿಂತ ವೇಗವಾಗಿ ಬೆಳೆದು ಬಿಡುವುದರಿಂದ.