ಒಂದು ಚದರ ಸೆಂಟಿಮೀಟರ್ ಚರ್ಮದ ಬೆಲೆ

1983ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಇಬ್ಬರು ಪುಟ್ಟ ಅಣ್ಣತಮ್ಮಂದಿರ ಮೈ ಬಹುಪಾಲು ಸುಟ್ಟುಹೋಗಿತ್ತು. ಕಸಿ ಮಾಡಲು ಸಾಕಾಗುವಷ್ಟು ಚರ್ಮ ಅವರ ಮೈಮೇಲೆ ಉಳಿದಿರಲಿಲ್ಲ. ಬಾಸ್ಟನ್ನಿನ ವೈದ್ಯರು ಉಳಿದ ಚರ್ಮದಿಂದ ಚಿಕ್ಕ ಚೂರು ತೆಗೆದರು. ಹಾರ್ವರ್ಡ್‌ನಲ್ಲಿ ಹೊವರ್ಡ್ ಗ್ರೀನ್ ಅವರ ಪ್ರಯೋಗಾಲಯ ಅದರ ಜೀವಕೋಶಗಳನ್ನು ತೆಳು ಹಾಳೆಗಳಾಗಿ ಬೆಳೆಸಿಕೊಟ್ಟಿತು. ಹುಡುಗರು ಬದುಕಿದರು.

ಹೀಗೆ ಬೆಳೆಸಿದ ಚರ್ಮ ಕ್ರಮೇಣ ಮಾರುಕಟ್ಟೆಯ ಸರಕೂ ಆಯಿತು. 1998ರಲ್ಲಿ ಕಾಲಿನ ವಾಸಿಯಾಗದ ಹುಣ್ಣಿಗೆ ‘ಆಪ್ಲಿಗ್ರಾಫ್’ ಎಂಬ ಉತ್ಪನ್ನಕ್ಕೆ ಅನುಮತಿ ಸಿಕ್ಕಿತು. ನವಜಾತ ಗಂಡುಮಕ್ಕಳ ಸುನ್ನತಿಯಲ್ಲಿ ತೆಗೆದ ಚರ್ಮದ ಜೀವಕೋಶಗಳೂ ದನದ ಕೊಲಾಜನ್ನೂ ಸೇರಿ ತಯಾರಾದದ್ದು ಅದು.

ಆದರೆ ಅಮೆರಿಕದಲ್ಲಿ ಚಿಕಿತ್ಸೆಗೆ ಹಣ ಸಿಗಬೇಕಾದರೆ ಬಿಲ್ಲಿನಲ್ಲಿ ಅದಕ್ಕೊಂದು ಕೋಡ್ ಇರಬೇಕು. ವಯಸ್ಸಾದವರಿಗಾಗಿ 1965ರಲ್ಲಿ ಕಾನೂನಾದ ಸರ್ಕಾರಿ ವಿಮೆ ಮೆಡಿಕೇರ್‌ನ ಪಟ್ಟಿಯಲ್ಲಿ ಆಪ್ಲಿಗ್ರಾಫ್‌ನ ಕೋಡ್ ‘ಕ್ಯೂ4101’. ಅಳತೆ ಚದರ ಸೆಂಟಿಮೀಟರ್. ಒಂದೊಂದು ಉತ್ಪನ್ನಕ್ಕೂ ಒಂದೊಂದು ಕೋಡ್, ಒಂದೊಂದು ದರ.

ತೊಡಕು ಹುಟ್ಟಿದ್ದು ಇಲ್ಲಿಯೇ. ವೈದ್ಯರ ಖಾಸಗಿ ಕ್ಲಿನಿಕ್ಕುಗಳಲ್ಲಿ ಬಳಸಿದ ಚರ್ಮಕ್ಕೆ ಮೆಡಿಕೇರ್ ಔಷಧಿಯ ಲೆಕ್ಕದಲ್ಲೇ ಹಣ ಕೊಡುತ್ತಿತ್ತು: ಸರಾಸರಿ ಮಾರಾಟ ಬೆಲೆ, ಅದರ ಮೇಲೆ ಶೇ. 6. ಬೆಲೆ ಏರಿದಷ್ಟೂ ಆ ಶೇ. 6ರ ಮೊತ್ತವೂ ಏರುತ್ತದೆ. ಹೊಸ ಉತ್ಪನ್ನಕ್ಕೆ ಸರಾಸರಿ ಬೆಲೆ ಇನ್ನೂ ಇರದ ಕಾರಣ ಕಂಪನಿ ಹೇಳಿದ ಬೆಲೆಯೇ ಆರಂಭದಲ್ಲಿ ಆಧಾರ. ಹೆರಿಗೆಯಲ್ಲಿ ದಾನವಾಗಿ ಬಂದ ಮಾಸಿನ ಪೊರೆಯಿಂದ ಮಾಡಿದ ಎಷ್ಟೋ ಉತ್ಪನ್ನಗಳು ಮುಂಚಿತ ಅನುಮತಿಯ ಪರೀಕ್ಷೆಯಿಲ್ಲದೆ ಮಾರುಕಟ್ಟೆಗೆ ಬಂದವು. ಕೆಲವದರ ದರ ಚದರ ಸೆಂಟಿಮೀಟರಿಗೆ 2,000 ಡಾಲರ್ ದಾಟಿತು. ಅಂದರೆ ಅಂಗೈಯಷ್ಟು ಗಾಯಕ್ಕೆ ಒಂದು ಸಲ ಹೊದಿಸಲು ಒಂದು ಲಕ್ಷ ಡಾಲರಿಗೂ ಹೆಚ್ಚು.

2019ರಲ್ಲಿ ಸುಮಾರು 25 ಕೋಟಿ ಡಾಲರ್ ಇದ್ದ ಮೆಡಿಕೇರ್ ವೆಚ್ಚ 2024ಕ್ಕೆ 1,000 ಕೋಟಿ ಡಾಲರ್ ಮೀರಿತು. ಗಾಯಾಳುಗಳ ಸಂಖ್ಯೆ ಐದು ವರ್ಷದಲ್ಲಿ ನಲವತ್ತು ಪಟ್ಟು ಹೆಚ್ಚಿರಲಿಲ್ಲ. ಈ ಭಾರ ಸರ್ಕಾರದ ಮೇಲಷ್ಟೇ ಬೀಳಲಿಲ್ಲ. ಬಿಲ್ಲಿನ ಐದರಲ್ಲೊಂದು ಪಾಲು ರೋಗಿಯದು. ಬೇರೆ ಪೂರಕ ವಿಮೆ ಇಲ್ಲದ ಮುದುಕರಿಗೆ ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿನ ಜೊತೆ ಸಾಲವೂ ಗಂಟುಬೀಳಬಹುದಿತ್ತು.

2026ರ ಜನವರಿಯಿಂದ ಲೆಕ್ಕ ಬದಲಾಗಿದೆ. ಜೈವಿಕ ಔಷಧಿಯೆಂದು ಪರವಾನಗಿ ಪಡೆದವನ್ನು ಬಿಟ್ಟು, ಉಳಿದವು ಈಗ ಔಷಧಿಯಲ್ಲ, ಚಿಕಿತ್ಸೆಯ ಸಾಮಗ್ರಿ. ದರ ಒಂದೇ: ಚದರ ಸೆಂಟಿಮೀಟರಿಗೆ ಸುಮಾರು 127 ಡಾಲರ್. ಆ ಪೊರೆ ಮೊದಲಿನದೇ, ಹುಣ್ಣೂ ಮೊದಲಿನದೇ. ಬದಲಾದದ್ದು ಬಿಲ್ಲಿನಲ್ಲಿ ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದಷ್ಟೇ. ಸಾವಿರಾರು ಕೋಟಿ ರೂಪಾಯಿಯ ವ್ಯತ್ಯಾಸಕ್ಕೆ ಅಷ್ಟೇ ಸಾಕಾಯಿತು.