ತೊಗರಿಯ ಬೀಜದಲ್ಲಿ ಬದ್ಧಜಲ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕರಿನೆಲವು ತೊಗರಿಗೆ ತವರೆಂಬುದು ಪ್ರಸಿದ್ಧವಷ್ಟೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಸಂಸ್ಕೃತದ ತುವರೀ, ತಮಿಳಿನ ತುವರೆ, ಕನ್ನಡದ ತೊಗರಿ ಇವು ಒಂದೇ ಕುಲದ ಶಬ್ದಗಳು. ಯಾವುದು ಮೂಲವೆಂಬ ಚರ್ಚೆ ಇಲ್ಲಿ ಅಪ್ರಸ್ತುತ. ಒಕ್ಕಿದ ಬೀಜವು ಬೇಸಿಗೆಯನ್ನು ಕಳೆದು ಮುಂಗಾರಿನಲ್ಲಿ ಮೊಳೆಯುವವರೆಗೆ ಜೀವವನ್ನು ಹೇಗೆ ಧರಿಸಿಕೊಂಡಿರುವುದೆಂಬುದೇ ಪ್ರಕೃತ ವಿಚಾರ.

ಹಿಂದಿನ ಒಕ್ಕಲಿಗರು ಬೀಜವನ್ನು ಬಿಸಿಲಿಗೆ ಹರವಿ, ಬೂದಿ ಬೆರಸಿ, ಮಡಕೆಯಲ್ಲಿ ತುಂಬಿ ಬಾಯಿ ಮೆತ್ತುತ್ತಿದ್ದರು. ಹುಳು ಬಾರದಿರಲೆಂಬುದು ಅದರ ಮುಖ್ಯೋದ್ದೇಶ. ತೇವ ತಗ್ಗುವುದು ಆನುಷಂಗಿಕವಾದರೂ ಫಲದಲ್ಲಿ ಅದೇ ಹಿರಿದು.

ಜೀವಕೋಶವನ್ನು ಮೇದಸ್ಸಿನ ಇಮ್ಮಡಿ ಪೊರೆಯೊಂದು ಸುತ್ತಿರುವುದು. ಅದರ ದಪ್ಪ ಸುಮಾರು 5 ನ್ಯಾನೊಮೀಟರು, ಎಂದರೆ ಮಿಲಿಮೀಟರಿನ 2 ಲಕ್ಷದಲ್ಲಿ ಒಂದು ಪಾಲು. ಆ ಪೊರೆಗೆ ಹತ್ತಿ ನಿಂತ, ಕೆಲವೇ ಅಣುಗಳಷ್ಟು ದಪ್ಪದ ನೀರು ಕೆರೆಯ ನೀರಿನಂತೆ 0 ಡಿಗ್ರಿಯಲ್ಲಿ ಹೆಪ್ಪುಗಟ್ಟದು. ಹಿಮಸ್ಫಟಿಕವಾಗಬೇಕಾದರೆ ಅಣುಗಳು ನಿಯತವಾದ ಜಾಲದಲ್ಲಿ ನಿಲ್ಲಬೇಕು. ಇಕ್ಕಟ್ಟಿನಲ್ಲಿ ಸಿಕ್ಕಿ ಪೊರೆಗೆ ಕಟ್ಟುಬಿದ್ದ ಅಣುಗಳಿಗೆ ಆ ಅವಕಾಶವೆಲ್ಲಿಯದು? ಶೈತ್ಯ ಹೆಚ್ಚಿದಂತೆ ಅವುಗಳ ಚಲನೆ ಮಂದವಾಗುವುದು. ಒಣಗಿದ ಕೋಶದೊಳಗಿನ ದ್ರವವೆಲ್ಲ ಗಾಜಿನಂತೆ ಬಿಗಿಯುವುದು. ಹಸಿಯ ಬೀಜದಲ್ಲಾದರೋ ಕಟ್ಟಿಲ್ಲದ ನೀರು ಉಳಿದಿದ್ದು, ಅದೇ ಹಿಮವಾಗಿ ಪೊರೆಯನ್ನು ಹರಿಯುವುದು. ಒಣಗಿದ ಪೊರೆಯಲ್ಲಿ ನೀರಿನ ಕೆಲಸವನ್ನು ಟ್ರೆಹಲೋಸ್ ಎಂಬ ಸಕ್ಕರೆಯು ನಿರ್ವಹಿಸಬಲ್ಲುದೆಂದು ಜಾನ್ ಕ್ರೋವ್ ಮೊದಲಾದವರು 1984ರಲ್ಲಿ ತೋರಿಸಿದರು. ತೊಗರಿಯಲ್ಲಿ ರಾಫಿನೋಸ್, ವರ್ಬಾಸ್ಕೋಸ್ ಮುಂತಾದವುಂಟು. ಹೊಟ್ಟೆಯುಬ್ಬರಕ್ಕೆ ಕಾರಣವೆಂದು ದೂಷಿತವಾದ ಇವೇ ಬೀಜದ ರಕ್ಷಣೆಗೆ ನೆರವಾಗುವುವೆಂಬುದು ಅನೇಕ ಶಾಸ್ತ್ರಜ್ಞರ ಮತ.

ಈ ತತ್ತ್ವದ ಉಪಯೋಗವು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಕಾಣುವುದು. 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯು ತೊಗರಿಯ ನಾನಾ ತಳಿಗಳನ್ನು ಚೆನ್ನಾಗಿ ಒಣಗಿಸಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾದಿರಿಸಿದೆ. ನೆಟೆರೋಗವನ್ನು ತಡೆಯುವ ‘ಮಾರುತಿ’ ತಳಿಯು 1986ರಲ್ಲಿ ಕರ್ನಾಟಕದ ಹೊಲಗಳಿಗೆ ಬಂದು ಬೇಗನೆ ಹರಡಿತು. ಒಂದು ತಳಿ ಹರಡಿದಂತೆ ಹಳೆಯವು ಹೊಲವನ್ನು ಬಿಡುವುವು. ಮುಂದೆ ಹೊಸ ರೋಗ ಬಂದಾಗ ಬೇಕಾಗುವ ಗುಣ ಅವುಗಳಲ್ಲಿಯೇ ಅಡಗಿರಬಹುದು. ಆದರೂ ಶೀತಾಗಾರವು ಹೊಲಕ್ಕೆ ಪರ್ಯಾಯವಲ್ಲ: ಅಲ್ಲಿ ನಿದ್ರಿಸುವ ಬೀಜವು ಮಾರ್ಪಡುತ್ತಿರುವ ರೋಗವನ್ನು ಎದುರಿಸಿ ಕಲಿಯಲಾರದು.

ಎಚ್ಚರಿಸುವ ಕ್ರಮವೂ ಸೂಕ್ಷ್ಮವಾದುದು. ಪೊಟ್ಟಣವನ್ನು ಹೊರಗೆ ತಂದು, ಬೆಚ್ಚಗಾಗುವವರೆಗೆ ಬಿಚ್ಚಬಾರದು, ಬಿಚ್ಚಿದರೆ ಗಾಳಿಯ ತೇವ ಬೀಜದ ಮೇಲೆ ಹನಿಗಟ್ಟುವುದು. ಅತಿಯಾಗಿ ಒಣಗಿದ ಬೀಜವನ್ನು ಒಮ್ಮೆಗೇ ನೀರಿಗೆ ಹಾಕಿದರೆ ಪೊರೆ ಸರಿಗೂಡುವ ಮೊದಲೇ ಒಳಗಿನ ಸಾರ ಸೋರಿಹೋಗುವುದು. ಆದುದರಿಂದ ಮೊದಲು ತೇವದ ಗಾಳಿಯಲ್ಲಿರಿಸಿ ಬಳಿಕ ಬಿತ್ತುವರು.