ಸರ್ವರ್‌ಗೆ ಹೊಸ ಹಾರ್ಡ್ ಡ್ರೈವ್: ರಬ್ಬರ್ ಚಪ್ಪಲಿ ಹಾಕಿಕೊಂಡರೆ ಸಾಕೇ?

ಸಹಕಾರ ಸಂಘದ ಲೆಕ್ಕಪತ್ರ, ಶಾಲೆಯ ಅಂಕಪಟ್ಟಿ, ಕ್ಲಿನಿಕ್ಕಿನ ರೋಗಿಗಳ ದಾಖಲೆ, ಸ್ಟುಡಿಯೋದವರ ಹತ್ತು ವರ್ಷದ ಮದುವೆ ಫೋಟೊಗಳು. ಇವೆಲ್ಲ ಇಂದು ಯಾವುದೋ ಮೂಲೆಯಲ್ಲಿ ಗುಂಯ್‌ಗುಡುವ ಒಂದು ಸರ್ವರ್ ಕಂಪ್ಯೂಟರಿನೊಳಗೆ ಇರುತ್ತವೆ. ಜಾಗ ತುಂಬಿ ಹೊಸ ಡ್ರೈವ್ ಹಾಕುವ ದಿನ ಬಂದಾಗ ಸಲಹೆಗಳಿಗೇನೂ ಬರವಿಲ್ಲ. ‘ರಬ್ಬರ್ ಚಪ್ಪಲಿ ಹಾಕಿಕೊಳ್ಳಿ’, ‘ಸರ್ವರ್ ಆಫ್ ಮಾಡೋದೇ ಬೇಡ’, ‘ಆಯಸ್ಕಾಂತದ ಸ್ಕ್ರೂಡ್ರೈವರ್ ತಾಗಿಸಿದರೆ ಡೇಟಾ ಅಳಿಸಿಹೋಗುತ್ತೆ’, ‘ರೇಡ್ ಇದೆಯಲ್ಲ, ಬ್ಯಾಕಪ್ ಯಾಕೆ?’ ಇವುಗಳಲ್ಲಿ ಮೊದಲನೆಯದು ಉಲ್ಟಾ, ಎರಡನೆಯದು ಅರ್ಧಸತ್ಯ, ಮೂರನೆಯದು ಸುಮ್ಮನೆ ಭಯ. ನಾಲ್ಕನೆಯದನ್ನು ನಂಬಿದರೆ ಸಂಘದ ಲೆಕ್ಕವೇ ಹೋದೀತು.

ಮೂರನೆಯದನ್ನು ಮೊದಲು ಮುಗಿಸೋಣ. ಹಾರ್ಡ್ ಡಿಸ್ಕ್‌ನ ಒಳಗೇ, ಅದರ ತೋಳನ್ನು ಅಲುಗಾಡಿಸಲು ಬಲವಾದ ನಿಯೋಡಿಮಿಯಮ್ ಆಯಸ್ಕಾಂತಗಳಿರುತ್ತವೆ. ಸ್ಕ್ರೂ ಹಿಡಿದುಕೊಳ್ಳುವ ನಿಮ್ಮ ಸ್ಕ್ರೂಡ್ರೈವರ್ ಅದರ ಮುಂದೆ ಏನೂ ಅಲ್ಲ. ಎಸ್‌ಎಸ್‌ಡಿಯಲ್ಲಂತೂ ಮಾಹಿತಿ ಕಾಂತೀಯವಾಗಿ ಇರುವುದೇ ಇಲ್ಲ.

ರಬ್ಬರ್ ಚಪ್ಪಲಿ ಯಾಕೆ ತಪ್ಪು?

ಕರೆಂಟ್ ಕೆಲಸ ಮಾಡುವವರು ರಬ್ಬರ್ ಚಪ್ಪಲಿ ಹಾಕುವುದು 230 ವೋಲ್ಟ್‌ನ ವಿದ್ಯುತ್ ತಮ್ಮ ಮೈಯ ಮೂಲಕ ನೆಲಕ್ಕೆ ಹರಿಯದಿರಲಿ ಎಂದು. ಇಲ್ಲಿನ ಸಮಸ್ಯೆ ಬೇರೆ. ನಡೆದಾಡುವಾಗ, ಬಟ್ಟೆ ಉಜ್ಜಿದಾಗ ನಮ್ಮ ಮೈಯಲ್ಲಿ ಸ್ಥಿರ ವಿದ್ಯುತ್ ಸೇರಿಕೊಳ್ಳುತ್ತದೆ. ರಬ್ಬರ್ ಅಡಿ ಅದನ್ನು ಇಳಿದುಹೋಗಲು ಬಿಡದೆ ಮೈಯಲ್ಲೇ ಕೂಡಿಡುತ್ತದೆ. ಬಾಗಿಲ ಹಿಡಿ ಮುಟ್ಟಿದಾಗ ‘ಚಟ್’ ಎಂದು ನಮಗೆ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಚಿಪ್‌ಗಳು ಕೆಡಲು ಅಷ್ಟೆಲ್ಲ ಬೇಡ, ಕೆಲವಕ್ಕೆ ನೂರಿನ ಆಸುಪಾಸು ಸಾಕು. ಅಂದರೆ ನಿಮಗೆ ಏನೂ ಅನ್ನಿಸದೇ ಡ್ರೈವ್ ಹಾಳಾಗಬಹುದು. ಗಾಳಿ ಒಣಗಿದಷ್ಟೂ ಈ ಕಾಟ ಹೆಚ್ಚು. ಏಸಿ ಹಾಕಿದ ಕೋಣೆಯೂ ಒಣಗಿದ್ದೇ.

ಇದಕ್ಕೆ ಪರಿಹಾರ ಕೈಪಟ್ಟಿ. ಅದರ ತಂತಿಯ ತುದಿಯ ಕ್ಲಿಪ್ಪನ್ನು ಸರ್ವರ್ ಪೆಟ್ಟಿಗೆಯ ಬಣ್ಣ ಹಚ್ಚದ ಲೋಹಕ್ಕೆ ಸಿಕ್ಕಿಸಬೇಕು. ಆಗ ನೀವು ಮತ್ತು ಪೆಟ್ಟಿಗೆ ಒಂದೇ ವಿದ್ಯುತ್ ಮಟ್ಟದಲ್ಲಿರುತ್ತೀರಿ, ಹಾರುವ ಕಿಡಿಗೆ ಕಾರಣವೇ ಇರುವುದಿಲ್ಲ. ಈ ಪಟ್ಟಿಯೊಳಗೆ 10 ಲಕ್ಷ ಓಮ್‌ನ ರೆಸಿಸ್ಟರ್ ಇರುತ್ತದೆ. ಆಕಸ್ಮಿಕವಾಗಿ ಮೈನ್ಸ್ ತಾಗಿದರೂ ಮೈಯಲ್ಲಿ ಹರಿಯುವುದು ಮಿಲಿಆಂಪಿಯರ್‌ನ ಕಾಲು ಭಾಗದಷ್ಟೇ. ಹಾಗಾಗಿ ಪಟ್ಟಿಯ ಬದಲು ಬರೀ ತಾಮ್ರದ ತಂತಿ ಸುತ್ತಿಕೊಳ್ಳುವ ‘ಜುಗಾಡ್’ ಬೇಡವೇ ಬೇಡ. ಪಟ್ಟಿ ಇಲ್ಲದಿದ್ದರೆ ಡ್ರೈವ್ ಎತ್ತಿಕೊಳ್ಳುವ ಮೊದಲೂ ಆಮೇಲೂ ಪೆಟ್ಟಿಗೆಯ ಲೋಹವನ್ನು ಆಗಾಗ ಮುಟ್ಟುತ್ತಿರಿ. ಡ್ರೈವನ್ನು ಅದರ ಬೆಳ್ಳಿ ಬಣ್ಣದ ಚೀಲದಲ್ಲೇ ಇಟ್ಟಿರಿ, ಅಂಚು ಹಿಡಿದು ಎತ್ತಿ.

ಆಫ್ ಮಾಡಬೇಕೇ, ಬೇಡವೇ?

ಮುಂಭಾಗದಲ್ಲಿ ಎಳೆದು ತೆಗೆಯುವ ಟ್ರೇಗಳಿದ್ದು, ಹಿಂದಿನ ಬೋರ್ಡು ಮತ್ತು ಕಂಟ್ರೋಲರ್ ಎರಡೂ ಹಾಟ್ ಸ್ವ್ಯಾಪ್‌ಗೆ ಒಪ್ಪುವಂಥವಾಗಿದ್ದರೆ ಆಫ್ ಮಾಡಬೇಕಿಲ್ಲ. ಸಾಟಾ ಕನೆಕ್ಟರ್‌ನಲ್ಲಿ ನೆಲದ ಸಂಪರ್ಕದ ಪಿನ್‌ಗಳು ಉಳಿದವಕ್ಕಿಂತ ಮೊದಲು ತಾಗುವಂತೆ ಮಾಡಿರುವುದು ಇದಕ್ಕೇ. ಆದರೆ ಮೇಜಿನ ಕೆಳಗಿನ ಸಾಮಾನ್ಯ ಕಂಪ್ಯೂಟರಿಗೆ ‘ಸರ್ವರ್’ ಎಂದು ಹೆಸರಿಟ್ಟ ಮಾತ್ರಕ್ಕೆ ಈ ಗುಣ ಬರುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಆಫ್ ಮಾಡಿಯೇ ಕೈ ಹಾಕಿ.

ಆಫ್ ಎಂದರೆ ಗೋಡೆಯ ಸ್ವಿಚ್ ಆರಿಸುವುದಲ್ಲ, ನಡುವೆ ಯುಪಿಎಸ್ ಕುಳಿತಿರುತ್ತದೆ! ದೊಡ್ಡ ಸರ್ವರ್‌ಗಳಲ್ಲಿ ಎರಡು ಪವರ್ ಸಪ್ಲೈ ಇರುತ್ತವೆ. ಒಂದರ ವೈರ್ ಕಿತ್ತರೆ ಇನ್ನೊಂದು ನಡೆಸುತ್ತಲೇ ಇರುತ್ತದೆ. ಆಪರೇಟಿಂಗ್ ಸಿಸ್ಟಮ್‌ನಿಂದ ಶಟ್‌ಡೌನ್ ಮಾಡಿ, ಎಲ್ಲ ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ. ಉಳಿದ ಚಾರ್ಜ್ ಇಳಿಯುತ್ತದೆ. ನಂತರ ಅರ್ಧ ನಿಮಿಷ ಸುಮ್ಮನಿರಿ. 7,200 ಆರ್‌ಪಿಎಂ ಡಿಸ್ಕ್‌ನ ತಟ್ಟೆ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ. ಮೂರೂವರೆ ಇಂಚಿನ ಡ್ರೈವ್‌ನಲ್ಲಿ ಅದರ ಅಂಚಿನ ವೇಗ ಗಂಟೆಗೆ 120 ಕಿ.ಮೀ. ದಾಟುತ್ತದೆ. ಓದುವ ತಲೆ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಸುತ್ತುತ್ತಿರುವ ಡಿಸ್ಕನ್ನು ತಿರುಗಿಸಿ ನೋಡುವುದು ಕೆಟ್ಟ ಅಭ್ಯಾಸ.

ನಿಜವಾದ ಅಪಾಯ: ತಪ್ಪು ಡಿಸ್ಕ್

ಹಾಳಾದ ಹೊಸ ಡ್ರೈವ್‌ಗೆ ವಾರಂಟಿ ಇದೆ. ಹೋದ ಮಾಹಿತಿಗೆ ಇಲ್ಲ. ಮಾಹಿತಿ ಹೋಗುವುದು ಕಿಡಿಯಿಂದಲೇ ಆಗಬೇಕಿಲ್ಲ, ಕೈ ತಪ್ಪಿದರೂ ಸಾಕು.

ರೇಡ್ ಎಂಬ ಕಲ್ಪನೆಗೆ ಹೆಸರು ಕೊಟ್ಟವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್. ಅವರ ಪ್ರಬಂಧ ಬಂದದ್ದು 1988ರಲ್ಲಿ. ರೇಡ್ 5ರಲ್ಲಿ ಒಂದು ಡಿಸ್ಕ್ ಸತ್ತರೂ ಕೆಲಸ ನಡೆಯುತ್ತದೆ. ಈಗ ಯೋಚಿಸಿ: ನಾಲ್ಕರಲ್ಲಿ ಮೂರನೆಯದು ಸತ್ತಿದೆ, ನೀವು ಎರಡನೆಯದನ್ನು ಕಿತ್ತಿರಿ. ಅಲ್ಲಿಗೆ ಇಡೀ ವ್ಯವಸ್ಥೆ ನಿಲ್ಲುತ್ತದೆ. ಗಾಬರಿಯಾಗದೆ ನಿಂತರೆ ಉಳಿಸಿಕೊಳ್ಳುವ ದಾರಿಗಳಿರುತ್ತವೆ. ಪರದೆಯಲ್ಲಿ ‘ಇನಿಶಿಯಲೈಸ್’ ಎಂದು ಕೇಳಿದ್ದಕ್ಕೆಲ್ಲ ‘ಎಸ್’ ಒತ್ತಿದರೆ ಆ ದಾರಿಯೂ ಮುಚ್ಚುತ್ತದೆ.

ಹಾಗಾಗಿ ಪೆಟ್ಟಿಗೆ ತೆರೆಯುವ ಮೊದಲೇ ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್ ಬರೆದುಕೊಳ್ಳಿ. ಸಾಫ್ಟ್‌ವೇರ್ ತೋರಿಸುವ ನಂಬರೂ ಡ್ರೈವ್‌ನ ಲೇಬಲ್ ಮೇಲಿನದೂ ಒಂದೇ ಇರಬೇಕು. ‘ಮೇಲಿನಿಂದ ಮೂರನೆಯದು’ ಎಂಬ ಲೆಕ್ಕ ನಂಬಬೇಡಿ. ಎಣಿಕೆ ಕೆಲವೆಡೆ ಸೊನ್ನೆಯಿಂದ, ಕೆಲವೆಡೆ ಒಂದರಿಂದ ಶುರುವಾಗುತ್ತದೆ. ಲಿನಕ್ಸ್‌ನಲ್ಲಿ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂಬ ಹೆಸರುಗಳು ರೀಸ್ಟಾರ್ಟ್ ಆದ ಮೇಲೆ ಅದಲುಬದಲಾಗಬಹುದು. ಹೊಸ ಡ್ರೈವ್ ಎಂದುಕೊಂಡು ಹಳೆಯದನ್ನೇ ಫಾರ್ಮ್ಯಾಟ್ ಮಾಡುವುದು ಹೀಗೇ.

ರೇಡ್ ಇದ್ದರೂ ಬ್ಯಾಕಪ್ ಬೇಕು. ಯಾರೋ ಫೈಲ್ ಅಳಿಸಿದರೆ, ರಾನ್ಸಮ್‌ವೇರ್ ಹೊಕ್ಕರೆ, ರೇಡ್ ಆ ಹಾನಿಯನ್ನೇ ನಿಷ್ಠೆಯಿಂದ ಎಲ್ಲ ಡಿಸ್ಕ್‌ಗಳಿಗೂ ಬರೆಯುತ್ತದೆ. ಬದಲಿಸಿದ 4 ಟಿಬಿ ಡಿಸ್ಕ್ ಸೆಕೆಂಡಿಗೆ 200 ಎಂಬಿ ವೇಗದಲ್ಲಿ ತುಂಬಿದರೂ ಐದೂವರೆ ಗಂಟೆ ಬೇಕು. ಅಷ್ಟೂ ಹೊತ್ತು ಉಳಿದ ಹಳೆಯ ಡಿಸ್ಕ್‌ಗಳು ಎಡೆಬಿಡದೆ ದುಡಿಯುತ್ತವೆ. ಇನ್ನೊಂದು ಕೈಕೊಟ್ಟರೆ ಮುಗಿಯಿತು. ಕೆಲಸಕ್ಕೆ ಮೊದಲು ಬೇರೆಡೆ ಒಂದು ಪ್ರತಿ ಮಾಡಿ, ಅದರಿಂದ ನಾಲ್ಕಾರು ಫೈಲ್ ತೆರೆದೂ ನೋಡಿ.

ಕೂರಿಸುವುದು

ಇದು ಸುಲಭದ ಭಾಗ. ಸಾಟಾ ಡ್ರೈವ್ ಎಸ್‌ಎಎಸ್ ಜಾಗದಲ್ಲಿ ಕೂರುತ್ತದೆ, ಎಸ್‌ಎಎಸ್ ಡ್ರೈವ್ ಸಾಟಾ ಜಾಗದಲ್ಲಿ ಕೂರುವುದಿಲ್ಲ, ಬಲವಂತ ಬೇಡ. ಉದ್ದದ ಸ್ಕ್ರೂ ಹಾಕಬೇಡಿ, ಒಳಗೆ ತಾಗುತ್ತದೆ. ಮೇಲ್ಭಾಗದಲ್ಲಿ ‘ಈ ರಂಧ್ರ ಮುಚ್ಚಬೇಡಿ’ ಎಂದು ಬರೆದಿದ್ದರೆ ಅದು ಡ್ರೈವ್ ಉಸಿರಾಡುವ ಜಾಗ, ಅಲ್ಲಿ ಸ್ಟಿಕ್ಕರ್ ಅಂಟಿಸಬೇಡಿ. ಹೀಲಿಯಂ ತುಂಬಿದ ಡ್ರೈವ್‌ಗಳಲ್ಲಿ ಈ ರಂಧ್ರ ಇರುವುದಿಲ್ಲ.

ಹೊಸ ಡ್ರೈವ್ ಸುತ್ತುವುದೇ ಇಲ್ಲವೇ? ಸತ್ತಿದೆ ಎಂದು ಅಂಗಡಿಗೆ ಓಡುವ ಮೊದಲು ಒಂದು ವಿಷಯ. ಸರ್ವರ್‌ಗೆಂದು ಮಾಡಿದ ಕೆಲವು ಹೊಸ ಸಾಟಾ ಡ್ರೈವ್‌ಗಳು ಮೂರನೇ ಪವರ್ ಪಿನ್‌ನಲ್ಲಿ 3.3 ವೋಲ್ಟ್ ಕಂಡರೆ ‘ಆಫ್ ಆಗಿರು’ ಎಂಬ ಆದೇಶವೆಂದು ತಿಳಿಯುತ್ತವೆ. ಹಳೆಯ ಪವರ್ ಸಪ್ಲೈಗಳು ಅಲ್ಲಿ 3.3 ವೋಲ್ಟ್ ಕೊಡುತ್ತಲೇ ಇರುತ್ತವೆ. ಡ್ರೈವ್ ಚೆನ್ನಾಗಿದೆ, ಹೊಂದಾಣಿಕೆ ಇಲ್ಲ ಅಷ್ಟೇ. ಇನ್ನು, ದೊಡ್ಡ ಡ್ರೈವ್‌ನಲ್ಲಿ 2 ಟಿಬಿಯಷ್ಟೇ ಬಳಸಲು ಬಂದರೆ ಅದನ್ನು ಹಳೆಯ ಎಂಬಿಆರ್ ಪದ್ಧತಿಯಲ್ಲಿ ವಿಭಾಗಿಸಿರಬಹುದು. ಮಾಹಿತಿ ತುಂಬುವ ಮೊದಲೇ ಜಿಪಿಟಿ ಆರಿಸಿ. 4 ಟಿಬಿ ಡ್ರೈವನ್ನು ವಿಂಡೋಸ್ 3.63 ಎಂದು ತೋರಿಸಿದರೆ ಯಾರೂ ಮೋಸ ಮಾಡಿಲ್ಲ. ತಯಾರಕರು ಎಣಿಸುವುದು ಸಾವಿರದ ಲೆಕ್ಕದಲ್ಲಿ, ವಿಂಡೋಸ್ ಎಣಿಸುವುದು 1,024ರ ಲೆಕ್ಕದಲ್ಲಿ.